2 ಎಂಬಿ ಲೈನಿನ್ಯಾಗ 7 ಜಿಬಿ ಬ್ಯಾಕಪ್: 74 ನಿಮಿಷ ಎಲ್ಲಿ ಹೋತು?

ಬ್ಯಾಡಗಿ ಕಾಯಿ:
ಬ್ಯಾಡಗಿ ಅಂಗಡಿಯಿಂದ ಹುಬ್ಬಳ್ಳಿ ಆಫೀಸಿಗೆ ಹಳೇ ಇ1 ಲೀಸ್ಡ್ ಲೈನ್ (ಬಾಡಿಗಿಗೆ ತಗೊಂಡ ಟೆಲಿಕಾಂ ಲೈನ್) ಐತ್ರಿ, 2.048 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ರಾತ್ರಿ 10ಕ್ಕ ಬ್ಯಾಕಪ್ ಹಚ್ಚಿದ್ರ ಮುಂಜಾನೆ 6ರೊಳಗ ಮುಗೀಬೇಕು. ಜಿಪ್ ಮಾಡಿದ ಫೈಲ್, ವಿಂಡೋಸ್ 7 ಜಿಬಿ ತೋರಸ್ತೈತಿ. ಎಂಟು ಬಿಟ್ ಕೂಡಿ ಒಂದು ಬೈಟ್, 2048 ಕಿಲೋಬಿಟ್ 8ಕ್ಕ ಭಾಗಿಸಿದ್ರ ಸೆಕೆಂಡಿಗೆ 256 ಕೆಬಿ (ಕಿಲೋಬೈಟ್), ಅಂದ್ರ 7 ತಾಸು 36 ನಿಮಿಷ. ಆದ್ರ ದಿನಾ 8 ತಾಸು 50 ನಿಮಿಷ ತಗೋತೈತಿ, 74 ನಿಮಿಷ ಹೆಚ್ಚು. ಇಂಥಾ ಲೈನ್ ನಡಸಿದವರು ಅನುಭವ ಹೇಳ್ರಿ.

ಹಳೇಹುಬ್ಬಳ್ಳಿ:
8ಕ್ಕ ಯಾಕ ಭಾಗಸ್ತೀರಿ? 10ಕ್ಕ ಭಾಗಸ್ರಿ, ತಲಿಬ್ಯಾನಿ ಇಲ್ಲ. 33.6 ಮೋಡೆಮ್ ಕಾಲದಿಂದ ನಮ್ಮದು ಇದ ಲೆಕ್ಕ: ಡೇಟಾದ ಎಂಟು ಬಿಟ್, ಮುಂದೊಂದು ಸ್ಟಾರ್ಟ್ ಬಿಟ್, ಹಿಂದೊಂದು ಸ್ಟಾಪ್ ಬಿಟ್, ಕೂಡಿ ಹತ್ತು. ನಿಮ್ಮ ಲೈನಿಗೆ 204.8 ಕೆಬಿ, 10 ತಾಸು ಹಿಡೀರಿ. ಲಗೂ ಮುಗಿದ್ರ ಲಾಭ. ವಿಸ್ಯಾಟ್ (ಉಪಗ್ರಹದ ಲೈನ್) ಮ್ಯಾಲೆ ಅಂತೂ ಭಾಗಾಕಾರನ ಬ್ಯಾಡ: ಹೋಗಿಬರೂದಕ್ಕ 0.6 ಸೆಕೆಂಡ್, ಹಳೇ ಟಿಸಿಪಿ ವಿಂಡೋ, ಅಂದ್ರ ಉತ್ತರ ಬರೂ ತನಕ ಕಳಸಬಹುದಾದ್ದು, 65,535 ಬೈಟ್. ಲೈನ್ ಎಷ್ಟರ ಇರಲಿ, ಒಂದು ಕನೆಕ್ಷನ್ ಸೆಕೆಂಡಿಗೆ 109 ಕೆಬಿ ದಾಟಂಗಿಲ್ಲ.

ಬೆಟಗೇರಿ ಲೈನ್:
ಅದು ಸೀರಿಯಲ್ ಪೋರ್ಟಿನ ಲೆಕ್ಕ, ಇ1ಗೆ ಯಾಕ ತರ್ತೀರಿ? ಮೋಡೆಮ್‌ನ್ಯಾಗೂ ವಿ.42 (ತಪ್ಪು ತಿದ್ದೂ ಪದ್ಧತಿ) ಹತ್ತಿದ ಮ್ಯಾಲೆ ಸ್ಟಾರ್ಟ್-ಸ್ಟಾಪ್ ಬಿಟ್‌ಗಳು ಫೋನಿನ ತಂತಿಗೆ ಇಳಿಯಂಗಿಲ್ಲ.

ನಮ್ಮ ಗದಗಿನ ಲೈನಿನ ರೋಗ ಬ್ಯಾರೆ. ಎರಡೂ ತುದಿಗೆ ರೌಟರ್ ಇಂಟರ್ನಲ್ ಕ್ಲಾಕ್ ಮ್ಯಾಲೆ, ಅಂದ್ರ ಬಿಟ್ ಕಳಸೂ ತಾಳ ತಾವ ಹಾಕೂ ಹಂಗ, ಇಟ್ಟಿದ್ರು. ಇ1 ಕ್ಲಾಕಿಗೆ ±50 ಪಿಪಿಎಂ (ಹತ್ತು ಲಕ್ಷಕ್ಕ 50) ತನಕ ಮಾಫಿ ಐತಿ. ಒಂದು ತುದಿ ಮ್ಯಾಲಿನ ಅಂಚಿಗೆ, ಇನ್ನೊಂದು ಕೆಳಗಿನ ಅಂಚಿಗೆ ನಿಂತ್ರ ಸೆಕೆಂಡಿಗೆ 204.8 ಬಿಟ್ಟಿನ ಫರಕ. ಫ್ರೇಮ್ (ಇ1 ಒಮ್ಮೆಗೆ ಕಳಸೂ ಕಂತು) 256 ಬಿಟ್ಟಿಂದು. ಅಂದ್ರ 1.25 ಸೆಕೆಂಡಿಗೊಂದು ಸ್ಲಿಪ್, ಒಂದು ಫ್ರೇಮ್ ತಪ್ಪತೈತಿ ಇಲ್ಲಾ ಎರಡು ಸಲ ಬರ್ತೈತಿ. ಸ್ಲಿಪ್ ಆದಾಗೆಲ್ಲಾ ಅಲ್ಲಿದ್ದ ಪ್ಯಾಕೆಟ್ ಸಿಆರ್‌ಸಿ (ತಪ್ಪು ಹಿಡಿಯೂ ಲೆಕ್ಕ) ಕೆಟ್ಟು ಬೀಳ್ತೈತಿ, ಟಿಸಿಪಿ ಮತ್ತ ಕಳಸ್ತೈತಿ, ಹೆದರಿ ವೇಗಾನೂ ಇಳಸ್ತೈತಿ. ಲೈನ್ ಮಾತ್ರ ‘ಅಪ್’ ಅಂತನ ತೋರಸ್ತಿರತೈತಿ. ಎಕ್ಸ್‌ಚೇಂಜ್ ಕ್ಲಾಕ್ ಕೊಡ್ತಿದ್ರ ಎರಡೂ ಕಡೆ ‘ಕ್ಲಾಕ್ ಸೋರ್ಸ್ ಲೈನ್’ ಇಡ್ರಿ. ನಡುವ ಬರೇ ತಾಮ್ರ ಇದ್ರ ಒಂದ ಕಡೆ ಇಂಟರ್ನಲ್. ಸಿಸ್ಕೋ ಇದ್ರ ‘ಶೋ ಕಂಟ್ರೋಲರ್ಸ್ ಇ1’ ಕೊಟ್ಟು ಸ್ಲಿಪ್ ಸೆಕೆಂಡ್ ಬರಕೊಳ್ರಿ, ಐದು ನಿಮಿಷ ಬಿಟ್ಟು ಮತ್ತ ನೋಡ್ರಿ. ಅಂಕಿ ಏರಿತ್ತಂದ್ರ ಲೆಕ್ಕ ಹಾಕೂದ ಬಿಡ್ರಿ, ಮೊದಲ ಕ್ಲಾಕ್ ಸರಿ ಮಾಡ್ರಿ. 75 ಓಮ್ ಬಿಎನ್‌ಸಿಯನ್ನ 120 ಓಮ್ ಪೋರ್ಟಿಗೆ ಬಾಲನ್ (ಎರಡನ್ನೂ ಹೊಂದಸೂ ಅಡಾಪ್ಟರ್) ಇಲ್ದ ಕೂಡಸೂದೂ ಬ್ಯಾಡ. ಯಾರು ಹಂಗ ಕೂಡಿಸಿ ಬಿಲ್ ತಗೊಂಡು ಹೋದ್ರು ಅಂತ ಹೇಳಂಗಿಲ್ಲ.

ಸಪ್ತಾಪುರ:
ಇಬ್ಬರೂ ನಿಮ್ಮ ನಿಮ್ಮ ಪುರಾಣ ಹೇಳಿದ್ರಿ, ಅವರು ಕೇಳಿದ್ದು 74 ನಿಮಿಷ. ತಗೋರಿ.

ವಿಂಡೋಸಿನ 7 ಜಿಬಿ 700 ಕೋಟಿ ಬೈಟ್ ಅಲ್ಲ. ಅದು 1024ರ ಲೆಕ್ಕ, 751 ಕೋಟಿ 62 ಲಕ್ಷ ಬೈಟ್. ಟೆಲಿಕಾಂನವರ ಕಿಲೋ ಯಾವತ್ತೂ 1000. ಇಲ್ಲೇ 33½ ನಿಮಿಷ ಹೋತು. ಇ1ನ 32 ಟೈಮ್‌ಸ್ಲಾಟಿನ್ಯಾಗ 0ನೇದು ಫ್ರೇಮಿಂಗಿಗೆ (ಫ್ರೇಮ್ ಎಲ್ಲಿ ಶುರು ಅನ್ನೂ ಗುರುತಿಗೆ); ನಿಮಗ ಸಿಗೂದು 31 × 64 = 1984 ಕೆಬಿಪಿಎಸ್, ಅಂದ್ರ 2,48,000 ಬೈಟ್. 16 ನಿಮಿಷ. 1500 ಬೈಟಿನ ಪ್ಯಾಕೆಟಿನ್ಯಾಗ ಐಪಿ-ಟಿಸಿಪಿ ಹೆಡರಿಗೆ (ವಿಳಾಸ, ಕ್ರಮಸಂಖ್ಯೆ) 40, ಮ್ಯಾಲೆ ಎಚ್‌ಡಿಎಲ್‌ಸಿಗೆ (ಪ್ಯಾಕೆಟ್ ಕಟ್ಟಿ ಲೈನಿಗೆ ಹಾಕೂ ಪದ್ಧತಿ) 7; 1507 ಹೋದ್ರ ನಿಮ್ಮದು 1460. ಮತ್ತ 16 ನಿಮಿಷ. ಉಳಿದ 8½ ಯಾರೂ ಎಣಸೂದಿಲ್ಲ: ಎಚ್‌ಡಿಎಲ್‌ಸಿ ಸತತ ಐದು ‘1’ ಕಂಡ ಕೂಡ್ಲೆ ಒಂದು ಸೊನ್ನಿ ತುರಕತದ, ಡೇಟಾ ಪ್ಯಾಕೆಟಿನ ಗಡಿ ಗುರುತಿನಂಗ ಕಾಣಬಾರದು ಅಂತ. ಜಿಪ್ ಫೈಲಿನ್ಯಾಗ ಬಿಟ್‌ಗಳು ಚೆಲ್ಲಾಪಿಲ್ಲಿ ಇರೂದ್ರಿಂದ ಸರಾಸರಿ 62 ಬಿಟ್ಟಿಗೆ ಒಂದು ಬೀಳತದ. ಕೂಡಸ್ರಿ, 74.

8 ತಾಸು 50 ಬಂದದ ಅಂದ್ರ 16ನೇ ಸ್ಲಾಟೂ (ಫೋನ್ ಕೆಲಸಕ್ಕಾದ್ರ ಸಿಗ್ನಲಿಂಗಿಗೆ ಇಡೂದು) ನಿಮಗ ಸಿಕ್ಕದ. 1-15, 17-31 ಅಂತ ಹಾಕಿದ್ರ 9 ತಾಸು 7 ನಿಮಿಷ ಆಗತಿತ್ತು. ಸ್ಲಿಪ್ಪೂ ಇಲ್ಲ, ಇದ್ರ ಅಂಕಿ ಇಷ್ಟು ನೆಟ್ಟಗ ಕೂಡತಿರಲಿಲ್ಲ. ಎರಡೂ ತುದಿ ಅನ್‌ಫ್ರೇಮ್ಡ್ (0ನೇ ಸ್ಲಾಟೂ ಡೇಟಾಕ್ಕ) ಮಾಡಿದ್ರ 8 ತಾಸು 33, ಅದೂ ಸಾಲಂಗಿಲ್ಲ. ಎಂಟು ತಾಸಿನ್ಯಾಗ ಹೋಗೂದು ವಿಂಡೋಸ್ ಲೆಕ್ಕದ 6.3 ಜಿಬಿ. ಫೈಲ್ ಸಣ್ಣದು ಮಾಡ್ರಿ.

ಹಾವೇರಿ ಸ್ಟ್ಯಾಂಡ್:
ಇಷ್ಟೆಲ್ಲಾ ಯಾಕ್ರಿ? 1 ಟಿಬಿ ಡಿಸ್ಕ್ ಬಸ್ಸಿಗೆ ಹಾಕಿ ಕಳಸ್ರಿ. ಹುಬ್ಬಳ್ಳಿಗೆ 2 ತಾಸು ಹಿಡೀರಿ, ಸೆಕೆಂಡಿಗೆ 139 ಎಂಬಿ ಆತು. 542 ಇ1 ಲೈನ್! ಎಸ್‌ಟಿಎಂ-1 ಅನ್ನೂ ಒಂದು ದೊಡ್ಡ ಟೆಲಿಕಾಂ ಲೈನಿನ್ಯಾಗ 63 ಇ1 ಹಿಡಿತಾವ, ಅಂದ್ರ ಒಂಬತ್ತು ಎಸ್‌ಟಿಎಂ-1 ಬೇಕು. ನಮಗ ಒಂದು ಟಿಕೀಟು.

ಸಪ್ತಾಪುರ:
ಡಿಸ್ಕಿಗೆ ತುಂಬೂದು ನಿಮ್ಮ ಕಂಡಕ್ಟರೇನು? ಯುಎಸ್‌ಬಿ 2.0 ಡಬ್ಬಿ, ಕಾಗದದ ಮ್ಯಾಲೆ 480 ಎಂಬಿಪಿಎಸ್, ಕೈಗೆ ಸಿಗೂದು ಸೆಕೆಂಡಿಗೆ 35 ಎಂಬಿ. 1 ಟಿಬಿ ತುಂಬಾಕ 7 ತಾಸು 56 ನಿಮಿಷ, ಹುಬ್ಬಳ್ಳಿಯೊಳಗ ಇಳಸಾಕ ಮತ್ತ ಅಷ್ಟ. ಬಸ್ ಕೂಡಿ 18 ತಾಸಿನ ಹತ್ತರ. ನಿಮ್ಮ 542 ಲೈನ್ 61ಕ್ಕ ಇಳದ್ವು, ಒಂದ ಎಸ್‌ಟಿಎಂ-1 ಸಾಕು.

ಹಾವೇರಿ ಸ್ಟ್ಯಾಂಡ್:
ಯಾವ ಕಾಲದಾಗ ಇದೀರಿ? ಸಾಟಾ (ಡಿಸ್ಕ್ ಕೂಡಸೂ ತಂತಿ) 6 ಜಿಬಿಪಿಎಸ್ ಹಚ್ಚಿದ್ರ ಸೆಕೆಂಡಿಗೆ 750 ಎಂಬಿ.

ಬ್ಯಾಡಗಿ ಕಾಯಿ:
ಸಪ್ತಾಪುರದವರ, ಸ್ಲಿಪ್ ಸೊನ್ನಿ, ಸ್ಲಾಟ್ 1-31. ಚೀಟಿ ಸ್ಕ್ಯಾನ್ ಮಾಡಿದ ಹಳೇ ಫೋಲ್ಡರ್ ತಗದ್ವಿ, ಫೈಲ್ 6.2ಕ್ಕ ಬಂತು. ಮುಂಜಾನೆ 5:49ಕ್ಕ ಮುಗೀತು.

ಹಳೇಹುಬ್ಬಳ್ಳಿ:
ಹಾವೇರಿಯವರ, 750 ಅಲ್ರೀ, 600. ಸಾಟಾ ತಂತಿ ಮ್ಯಾಲೆ ಎಂಟು ಬಿಟ್ಟಿಗೆ ಹತ್ತು ಹೋಗ್ತಾವ, ಯುಎಸ್‌ಬಿ 3.0ನ 5 ಜಿಬಿಪಿಎಸ್‌ಗೂ ಹಂಗ, 500. 10ಕ್ಕ ಭಾಗಸ್ರಿ ಅಂತ ನಾ ಮೊದಲ ಹೇಳಿದ್ದೆ.

ಬೆಟಗೇರಿ ಲೈನ್:
ಆ ಹತ್ತು ಬ್ಯಾರೆ, ನಿಮ್ಮ ಸ್ಟಾರ್ಟ್-ಸ್ಟಾಪ್ ಹತ್ತು ಬ್ಯಾರೆ. ಇದು ಕ್ಲಾಕ್ ತಪ್ಪಬಾರದು ಅಂತ ಸೊನ್ನಿ-ಒಂದು ಸಮತೂಕ ಮಾಡೂದು. ಅದ ಕೆಲಸ ಇ1ರಾಗ ಎಚ್‌ಡಿಬಿ3 ಅನ್ನೂ ಸಂಕೇತ ಪದ್ಧತಿ ಮಾಡ್ತೈತಿ, ಒಂದು ಬಿಟ್ ಸುದ್ದಾ ಹೆಚ್ಚಸದ.

ಹಳೇಹುಬ್ಬಳ್ಳಿ:
ಉತ್ತರ ಬರೋಬ್ಬರಿ ಬಂತೋ ಇಲ್ಲೋ?