ಕೆರೆ ಕೋಡಿ ಬಿದ್ದರೆ ಅದು ‘ಓವರ್‌ಫ್ಲೋ’ ಆಗುತ್ತದೆಯೇ?

ಕಂಪೈಲರ್ ಎಂದರೆ ಪ್ರೋಗ್ರಾಮನ್ನು ಪ್ರೊಸೆಸರಿನ ಆದೇಶಗಳಿಗೆ ಇಳಿಸುವ ತಂತ್ರಾಂಶ. ಅದರ ಕೋಡ್‌ನ ಬದಲಾವಣೆಗಳನ್ನು ಪರಿಶೀಲಿಸುವ ನಾವು ಮೂವರು ನಮ್ಮ ಬಳಕೆಗೆಂದು ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದಿಡುತ್ತೇವೆ. ಕಳೆದ ವಾರ ‘ಓವರ್‌ಫ್ಲೋ’ (ಲೆಕ್ಕದ ಉತ್ತರ ಅದಕ್ಕಿರುವ ಜಾಗದ ಗಡಿ ದಾಟುವುದು) ಎಂಬುದಕ್ಕೆ ಪದ ಹುಡುಕುವಲ್ಲಿ ಜಗಳವಾಯಿತು. ತುಮಕೂರು ಕಡೆಯ ಗೆಳೆಯ ‘ಕೋಡಿ’ ಎಂದು ಬರೆದ. ಓದಿದಾಗ ಖುಷಿಯಾಯಿತು. ಮರುದಿನ ಅದೇ ಪದ ನನ್ನನ್ನು ದಾರಿ ತಪ್ಪಿಸಿತು.

ಎಂಟು ಬಿಟ್‌ಗಳ (0 ಅಥವಾ 1 ಹಿಡಿಯುವ ಮನೆಗಳ), ಚಿಹ್ನೆಯಿಲ್ಲದ, ಅಂದರೆ ಋಣ ಬೆಲೆಗೆ ಎಡೆಯಿಲ್ಲದ ಸಂಖ್ಯೆಗೆ 255 ಗರಿಷ್ಠ. 250ಕ್ಕೆ 10 ಕೂಡಿಸಿದರೆ ಮಾಮೂಲಿ ಕೂಡುವ ಆದೇಶ 4 ಕೊಡುತ್ತದೆ. ಸ್ಕೂಟರಿನ ಮೀಟರ್ 99999 ದಾಟಿ ಸೊನ್ನೆಗೆ ಮರಳುವ ಹಾಗೆ. 255 ಬಿಳಿ, 0 ಕಪ್ಪು ಎಂದಿರುವ ಚಿತ್ರವೊಂದರ ಹೊಳಪು ಹೆಚ್ಚಿಸುವಾಗ ಹೀಗಾದರೆ ಬೆಳ್ಳಗಿರಬೇಕಾದ ಚುಕ್ಕೆ ಕಪ್ಪಾಗುತ್ತದೆ. ಅದಕ್ಕಾಗಿಯೇ 1997ರಲ್ಲಿ ಇಂಟೆಲ್‌ನ ಎಂಎಂಎಕ್ಸ್ ಪ್ರೊಸೆಸರುಗಳಲ್ಲಿ ‘ಸ್ಯಾಚುರೇಟಿಂಗ್’ ಕೂಡುವಿಕೆ ಬಂತು: ಉತ್ತರ 255ರಲ್ಲೇ ನಿಲ್ಲುತ್ತದೆ. ಫೋನುಗಳಲ್ಲಿರುವ ಆರ್ಮ್ ಪ್ರೊಸೆಸರುಗಳಲ್ಲೂ ಇಂಥ ಆದೇಶಗಳಿವೆ. ‘ಮೊತ್ತವು ಮೊದಲ ಸಂಖ್ಯೆಗಿಂತ ಚಿಕ್ಕದಾಗಿ ಬಂದರೆ 255 ಎಂದುಕೋ’ ಎಂದು ಪ್ರೋಗ್ರಾಮಿನಲ್ಲಿ ಬರೆದಿದ್ದರೆ, ಕಂಪೈಲರ್ ಅದನ್ನು ಗುರುತಿಸಿ ಆ ಒಂದೇ ಆದೇಶಕ್ಕೆ ಇಳಿಸಬೇಕು. ನಾವು ನೋಡುತ್ತಿದ್ದದ್ದು ಇಂಥದ್ದೇ ಬದಲಾವಣೆ.

ಗೆಳೆಯನ ಟಿಪ್ಪಣಿಯಲ್ಲಿ ‘ಇಲ್ಲಿ ಕೋಡಿ ಬೀಳುತ್ತದೆ’ ಎಂದಿತ್ತು. ಅವನ ಮನಸ್ಸಿನಲ್ಲಿದ್ದದ್ದು 4. ನಾನು ಓದಿಕೊಂಡದ್ದು 255. ಕೆರೆ ಕೋಡಿ ಬಿದ್ದಾಗ ಆಗುವುದೇನು? ನೀರು ಕೋಡಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಹೆಚ್ಚಿನದು ಅಲ್ಲಿಂದ ಹರಿದು ಹೋಗುತ್ತದೆ, ಕೆರೆ ತುಂಬಿಯೇ ಇರುತ್ತದೆ. ಕೋಡಿ ಬಿದ್ದ ಕೆರೆಯ ತಳ ಕಾಣಿಸಿದ್ದನ್ನು ಯಾರೂ ಕಂಡಿಲ್ಲ! ಹಾಗಾಗಿ ‘ಕೋಡಿ’ ಒಪ್ಪುವುದು ಸ್ಯಾಚುರೇಶನ್‌ಗೇ ಎಂಬುದು ನನ್ನ ವಾದ: ‘ಕೋಡಿ ಕೂಡುವಿಕೆ’. ರಸಾಯನಶಾಸ್ತ್ರದ ‘ಪರ್ಯಾಪ್ತ’ವನ್ನು ತರಬಹುದು. ಆದರೆ ಅದು ದ್ರಾವಣದ ಸ್ಥಿತಿ. ಮಿಕ್ಕಿದ್ದನ್ನು ಚೆಲ್ಲುವ ಅರ್ಥ ಅದರಲ್ಲಿಲ್ಲ.

ಓವರ್‌ಫ್ಲೋಗೆ ‘ಉಕ್ಕು’, ‘ತುಳುಕು’ ಎರಡೂ ನನಗೆ ಸಮಾಧಾನ ಕೊಡಲಿಲ್ಲ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿಹ್ನೆಯಿಲ್ಲದ ಸಂಖ್ಯೆ ಸುತ್ತಿ ಬರಬೇಕೆಂಬುದು ನಿಯಮ. ಚಿಹ್ನೆಯುಳ್ಳದ್ದರ ಮೊತ್ತ ಗಡಿ ದಾಟಿದರೆ ಏನಾಗಬೇಕೆಂದು ಭಾಷೆ ಹೇಳುವುದೇ ಇಲ್ಲ. ಅಂದರೆ ಗಡಿ ದಾಟುವುದೇ ಬೇರೆ, ದಾಟಿದ ಮೇಲೆ ಆಗುವುದೇ ಬೇರೆ. ಮೊದಲನೆಯದಕ್ಕೆ ‘ಮಿತಿಮೀರು’ ಎಂಬ ಸಪ್ಪೆ ಪದವೇ ಸಾಕೇನೋ. ಸುತ್ತಿ ಬರುವುದಕ್ಕೆ ‘ಮರುಸುತ್ತು’ ಎನ್ನುತ್ತಿದ್ದೇವೆ.

‘ಕ್ಯಾರಿ’ಗೆ ತೊಂದರೆಯಿಲ್ಲ. ‘ಎಂಟು ಏಳು ಹದಿನೈದು, ಐದು ಬರೆದು ಕೈಯಲ್ಲಿ ಒಂದು’ ಎಂದು ಸ್ಲೇಟಿನ ಮೇಲೆ ಕಲಿತವರು ನಾವು. ಎಕ್ಸ್86ರ (ಇಂಟೆಲ್ ಮಾದರಿಯ ಪ್ರೊಸೆಸರುಗಳ) ‘ಎಡಿಸಿ’ ಆದೇಶ ಮಾಡುವುದೂ ಅದನ್ನೇ, ಹಿಂದಿನ ಕೂಡುವಿಕೆಯ ಕೈಯಲ್ಲಿನ ಒಂದನ್ನು ಸೇರಿಸಿಕೊಂಡು ಕೂಡುವುದು. ಅದು ‘ಕೈಯೊಡನೆ ಕೂಡು’ ಎಂದಾಯಿತು.

ಸಿಕ್ಕು ಇರುವುದು ಕಳೆಯುವುದರಲ್ಲಿ. 5ರಿಂದ 7 ಕಳೆದರೆ ಪಕ್ಕದ ಮನೆಯಿಂದ ಸಾಲ ತರಬೇಕು. ಎಕ್ಸ್86ರಲ್ಲಿ ಸಾಲ ತಂದರೆ ಕ್ಯಾರಿ ಫ್ಲ್ಯಾಗ್ (ಪ್ರೊಸೆಸರ್ ಇದನ್ನು ಗುರುತಿಟ್ಟುಕೊಳ್ಳುವ ಬಿಟ್) 1. ಆರ್ಮ್‌ನಲ್ಲಿ ತದ್ವಿರುದ್ಧ: ಸಾಲ ತಂದರೆ 0, ತರದಿದ್ದರೆ 1. ಒಂದು ಪ್ರೊಸೆಸರಿಗೆ ಬರೆದದ್ದನ್ನು ಇನ್ನೊಂದಕ್ಕೆ ಹೊಂದಿಸುವ ಬದಲಾವಣೆ ಬಂದಾಗ ನಾನು ಮೊದಲು ಹುಡುಕುವುದು ಈ ತಪ್ಪನ್ನೇ. ‘ಸಾಲದ ಫ್ಲ್ಯಾಗ್’ ಎಂದು ಬರೆದರೆ ಆರ್ಮ್‌ನ ಮಟ್ಟಿಗೆ ಸುಳ್ಳಾಗುತ್ತದೆ. ಸಾಲ ಬೇಕಾಗಲಿಲ್ಲ ಎಂಬುದನ್ನು ಒಂದೇ ಪದದಲ್ಲಿ ಹೇಳಬೇಕು. ‘ಋಣಮುಕ್ತ’ ಎಂದು ಗೆಳೆಯ ನಗೆಯಾಡಿದ. ಆದರೆ ಅದು ತೀರಿಸಿದವನ ಮಾತು, ಸಾಲ ಮಾಡದವನದಲ್ಲ. ಅಂಗಡಿ ಲೆಕ್ಕ, ಜಮೀನಿನ ಲೆಕ್ಕ ಬರೆದು ಬಲ್ಲವರಲ್ಲಿ ಸಾಲ ಎತ್ತದೆ ಕಳೆದದ್ದಕ್ಕೆ ಹಳೆಯ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ.