ಅಪ್‌ಡೇಟ್: ಪ್ಲಾಸ್ಮಾ ಕಟರ್ ಆಯ್ಕೆ ಮುಗಿಯಿತು

ಮನೆಯ ವರ್ಕ್‌ಶಾಪಿನಲ್ಲಿ 6 ಮಿ.ಮೀ. ದಪ್ಪದ ಉಕ್ಕಿನ ಹಾಳೆ ಕತ್ತರಿಸಲು ಯಾವ ಪ್ಲಾಸ್ಮಾ ಕಟರ್ (ವಿದ್ಯುತ್ತಿನಿಂದ ವಿಪರೀತ ಕಾದ ಗಾಳಿಯ ಧಾರೆಯಿಂದ ಲೋಹ ಕತ್ತರಿಸುವ ಯಂತ್ರ) ಕೊಳ್ಳಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಸಿಂಗಲ್ ಫೇಸ್‌ನಲ್ಲಿ ನಡೆಯುವ, ಪೈಲಟ್ ಆರ್ಕ್ (ಟಾರ್ಚಿನೊಳಗೇ ಮೊದಲು ಹೊತ್ತುವ ಸಣ್ಣ ವಿದ್ಯುತ್ ಜ್ವಾಲೆ) ಇರುವ 40 ಆಂಪಿಯರ್ ಯಂತ್ರವನ್ನೇ ತಂದೆ. ಬೆಲೆ ಹೆಚ್ಚಾದರೂ ಪೈಲಟ್ ಆರ್ಕ್ ಬಿಡಬೇಡಿ: ಕೈಯಲ್ಲಿ ಹಿಡಿದು ಕತ್ತರಿಸುವ ಟಾರ್ಚಿನ ತುದಿ ಲೋಹಕ್ಕೆ ತಾಗದೆಯೇ ಆರ್ಕ್ ಹೊತ್ತಿಕೊಳ್ಳುತ್ತದೆ, ತುಕ್ಕು ಹಿಡಿದ ಪಟ್ಟಿಯನ್ನೂ ಸಲೀಸಾಗಿ ಕತ್ತರಿಸಬಹುದು. ಯಂತ್ರದ ತಂತಿಯನ್ನು ಲೋಹಕ್ಕೆ ಕಚ್ಚಿಸುವ ಅರ್ಥ್ ಕ್ಲಾಂಪ್ ಕೂರುವ ಜಾಗವನ್ನು ಮಾತ್ರ ಚೆನ್ನಾಗಿ ಉಜ್ಜಿರಬೇಕು.

ನಿಜವಾದ ತಲೆನೋವು ಟಾರ್ಚಿಗೆ ಗಾಳಿ ಒತ್ತಿ ಕಳಿಸುವ ಕಂಪ್ರೆಸರಿನದು. ಒತ್ತಡವಷ್ಟೇ ಸಾಲದು, ಸತತವಾಗಿ ಸಾಕಷ್ಟು ಗಾಳಿ ಬರಬೇಕು. ಗಾಳಿಯಲ್ಲಿ ತೇವವಿದ್ದಾಗ ಆರ್ಕ್ ಚಟಪಟಗುಟ್ಟಿತು, ಟಾರ್ಚಿನ ತುದಿಯ ನಾಝಲ್‌ನ ದುಂಡು ರಂಧ್ರ ಅಂಡಾಕಾರಕ್ಕೆ ತಿರುಗಿತು. ತೇವ ಹೀರುವ ಫಿಲ್ಟರ್ ಹಾಕಿದ ಮೇಲೆ ಅಂಚು ನಯವಾಗಿದೆ. ಕೆಳಗೆ ಅಂಟುವ ಕಿಟ್ಟ (ಕರಗಿ ಗಟ್ಟಿಯಾದ ಲೋಹ) ಸುತ್ತಿಗೆಯ ಒಂದೇ ಏಟಿಗೆ ಉದುರುತ್ತದೆ.