‘ಕಣ್ಗಾವಲು’ ಎನ್ನಬಹುದೇ, ‘ತಾಕೀತು’ ಎನ್ನಬೇಕೇ?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ಒಂದು ಹಳೆಯ ಪ್ರಸಂಗದ ಬಗ್ಗೆ ಬರೆಯುತ್ತಿದ್ದೇನೆ. 2009ರ ಜೂನ್‌ನಲ್ಲಿ ವರ್ಜಿನ್ ಮೀಡಿಯಾ ಎಂಬ ಇಂಟರ್ನೆಟ್ ಕಂಪನಿ, ಯೂನಿವರ್ಸಲ್ ಸಂಗೀತ ಸಂಸ್ಥೆಯೊಡನೆ ಸೇರಿ ಒಂದು ಯೋಜನೆ ಪ್ರಕಟಿಸಿತು. ತಿಂಗಳ ಚಂದಾ ಕಟ್ಟಿದವರು ಎಷ್ಟು ಹಾಡುಗಳನ್ನಾದರೂ ಇಳಿಸಿಕೊಂಡು ತಮ್ಮಲ್ಲೇ ಇಟ್ಟುಕೊಳ್ಳಬಹುದು. ಜೊತೆಗೆ, ಅಕ್ರಮವಾಗಿ ಇಳಿಸಿಕೊಳ್ಳುವವರನ್ನು ಕಂಪನಿ ಎಚ್ಚರಿಸುತ್ತದೆ. ಅವರು ಮಣಿಯದಿದ್ದರೆ ಸಂಪರ್ಕವನ್ನು ಕೆಲಕಾಲ ತಡೆಹಿಡಿಯುತ್ತದೆ. ಆ ಸಂಗೀತ ಸೇವೆ ಕೊನೆಗೂ ಆರಂಭವಾಗಲಿಲ್ಲ.

ಈ ಎರಡನೆಯ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಮೊದಲು ‘ಕಾವಲು’ ಎಂದು ಬರೆದೆ. ಆದರೆ ಕಾವಲಿನಲ್ಲಿ ಕಾಯುವ, ಕಾಪಾಡುವ ಅರ್ಥವಿದೆ. ಇಲ್ಲಿ ಗ್ರಾಹಕನನ್ನು ಯಾರೂ ಕಾಪಾಡುತ್ತಿಲ್ಲ. ‘ಕಣ್ಗಾವಲು’ ಪತ್ರಿಕೆಗಳಲ್ಲಿ ನೆಲೆಯೂರಿದ ಪದ. ಆದರೂ ಒಪ್ಪುತ್ತಿಲ್ಲ. 2008ರಲ್ಲಿ ಅಲ್ಲಿನ ಆರು ದೊಡ್ಡ ಇಂಟರ್ನೆಟ್ ಕಂಪನಿಗಳು ಸಂಗೀತೋದ್ಯಮದೊಡನೆ ಮಾಡಿಕೊಂಡ ಒಪ್ಪಂದವನ್ನೇ ನೋಡಿ. ಕಡತ ಹಂಚಿಕೆಯ ಜಾಲಗಳಲ್ಲಿ ಕಣ್ಣಿಟ್ಟು ಐಪಿ ವಿಳಾಸಗಳನ್ನು, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳನ್ನು, ಕಲೆಹಾಕಿದ್ದು ಸಂಗೀತೋದ್ಯಮ. ಆ ವಿಳಾಸ ಯಾರ ಖಾತೆಯದೆಂದು ಹುಡುಕಿ ಪತ್ರ ಕಳಿಸಿದ್ದು ಇಂಟರ್ನೆಟ್ ಕಂಪನಿ. ನೋಡಿದವರು ಒಬ್ಬರು, ಗದರಿಸಿದವರು ಇನ್ನೊಬ್ಬರು. ‘ಕಣ್ಗಾವಲು’ ಎಂದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಹಾಗಾಗಿ ನನ್ನ ಒಲವು ‘ತಾಕೀತು’ ಪದದ ಕಡೆಗೆ. ಎಚ್ಚರಿಕೆಗಿಂತ ಬಿರುಸು, ಶಿಕ್ಷೆಗಿಂತ ಒಂದು ಹೆಜ್ಜೆ ಹಿಂದೆ. ಮೇಲಿನವರು ಕೆಳಗಿನವರಿಗೆ ಹೇಳುವ ದನಿಯೂ ಅದರಲ್ಲಿದೆ. ಅಕ್ರಮವಾಗಿ ಇಳಿಸಿಕೊಳ್ಳುವವರ ವಿರುದ್ಧ ಫ್ರಾನ್ಸ್ ತಂದ 2009ರ ಕಾನೂನಿನಲ್ಲಿ ಮೊದಲು ಇಮೇಲ್, ಆಮೇಲೆ ನೋಂದಾಯಿತ ಅಂಚೆ, ಕೊನೆಗೆ ಸಂಪರ್ಕ ಕಡಿತ ಎಂಬ ಮೂರು ಮೆಟ್ಟಿಲುಗಳಿದ್ದವು. ಕಡಿತದ ಶಿಕ್ಷೆಯನ್ನು 2013ರಲ್ಲಿ ಕೈಬಿಟ್ಟರು. ಮೊದಲೆರಡು ಮೆಟ್ಟಿಲುಗಳಿಗೆ ‘ತಾಕೀತು’ ಚೆನ್ನಾಗಿ ಹೊಂದುತ್ತದೆ. ಮೂರನೆಯದಕ್ಕೂ ಅದನ್ನೇ ಹಿಗ್ಗಿಸಬಹುದೇ?

ಇನ್ನೊಂದು ಮಾತು. ‘ಅಕ್ರಮ ಇಳಿಕೆ ತಡೆಯಲು ಕ್ರಮ’ ಎಂದು ಎಲ್ಲೂ ಬರೆಯಬೇಡಿ ಎಂದು ಕೋರುತ್ತೇನೆ. ಅಕ್ರಮ ಕಡಿಮೆಯಾಗುವುದನ್ನೇ ತಡೆಯುತ್ತಿದ್ದಾರೆ ಎಂದು ಓದಬಹುದು! ‘ಡೌನ್‌ಲೋಡ್’ ಇರಲಿ, ಕ್ರಿಯಾಪದವಾಗಿ ‘ಇಳಿಸಿಕೊಳ್ಳು’ ಸಾಕು.

ಕೊನೆಯದಾಗಿ ‘ಚಂದಾದಾರ’. ಪತ್ರಿಕೆಯ ಚಂದಾದಾರನೆಂದರೆ ಹೆಚ್ಚುಕಡಿಮೆ ಅದನ್ನು ಓದುವವನೇ. ಇಲ್ಲಿ ಹಾಗಲ್ಲ. ಹಾಡು ಇಳಿಸಿಕೊಂಡವರು ಮನೆಯ ಮಕ್ಕಳಿರಬಹುದು, ಬಂದ ಅತಿಥಿಯಿರಬಹುದು. ತಾಕೀತು ಬರುವುದು ಮಾತ್ರ ಬಿಲ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಹಣ ಕಟ್ಟುವವರು ಮತ್ತು ಬಳಸುವವರು ಬೇರೆಬೇರೆ ಎಂಬುದು ಒಂದೇ ನೋಟಕ್ಕೆ ತಿಳಿಯುವಂತೆ ‘ಖಾತೆದಾರ’ ಎನ್ನಲೇ? ಬ್ಯಾಂಕಿನ ನೆನಪು ತರುತ್ತದೆಂಬ ಅಳುಕಿದೆ. ತಿಳಿದವರು ದಯವಿಟ್ಟು ಹೇಳಿ.